ಹಾಡು ಸರಕಾದ ಕಾಲ: ಫೋನೋಗ್ರಾಫ್, ಗ್ರಾಮಫೋನ್ ವ್ಯಾಪಾರದ ಮೊದಲ ದಿನಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನನ್ನ ಬಳಿ ಕೀಲಿ ಕೊಟ್ಟು ತಿರುಗಿಸುವ ಹಳೆಯ ಗ್ರಾಮಫೋನ್ ಒಂದಿದೆ. ಮನೆಗೆ ಬಂದವರಿಗೆ ಅದರಲ್ಲಿ ಒಂದು ತಟ್ಟೆ ಹಾಕಿ ಕೇಳಿಸಿದರೆ, ಹಾಡು ಮುಗಿಯುವುದರೊಳಗೆ ಪ್ರಶ್ನೆಗಳು ಶುರುವಾಗುತ್ತವೆ. ಎಷ್ಟೋ ವರ್ಷ ಅವುಗಳಿಗೆ ಬಾಯಿಮಾತಿನಲ್ಲೇ ಉತ್ತರ ಹೇಳುತ್ತಾ ಬಂದೆ. ಇನ್ನು ಬರೆದಿಡುವುದೇ ಸರಿ ಎನ್ನಿಸಿ ಇಲ್ಲಿ ಬರೆದಿದ್ದೇನೆ. ಇದು ಹೆಚ್ಚುಕಡಿಮೆ 1877ರಿಂದ 1910ರವರೆಗಿನ ಕಥೆ. ಬಹುಪಾಲು ಅಮೆರಿಕದಲ್ಲಿ ನಡೆಯುತ್ತದೆ, ಆಮೇಲೆ ಕಲ್ಕತ್ತೆಗೂ ಮೈಸೂರಿಗೂ ಬರುತ್ತದೆ.

ಕರೆಂಟೂ ಇಲ್ಲ, ಸ್ಪೀಕರೂ ಇಲ್ಲ. ಇದು ಹಾಡುವುದು ಹೇಗೆ?

ಧ್ವನಿ ಎಂದರೆ ಗಾಳಿಯ ನಡುಕ. ಕಹಳೆಯ ಬಾಯಿಗೆ ಮುಖ ಕೊಟ್ಟು ಹಾಡಿದಾಗ ಆ ನಡುಕ ಕಹಳೆಯ ಕಿರಿದಾದ ತುದಿಯಲ್ಲಿರುವ ತೆಳುವಾದ ಪೊರೆಯನ್ನು ತಟ್ಟುತ್ತದೆ. ಪೊರೆಗೆ ಕಟ್ಟಿದ ಮುಳ್ಳು, ಕೆಳಗೆ ತಿರುಗುತ್ತಿರುವ ಮೇಣದ ಮೇಲೆ ಅದೇ ನಡುಕವನ್ನು ಗೀರುತ್ತಾ ಸಾಗುತ್ತದೆ. ಕೇಳುವಾಗ ಎಲ್ಲವೂ ಹಿಂದುಮುಂದು: ಗೀರಿನಲ್ಲಿ ಓಡುವ ಮುಳ್ಳು ಪೊರೆಯನ್ನು ನಡುಗಿಸುತ್ತದೆ, ಪೊರೆ ಕಹಳೆಯೊಳಗಿನ ಗಾಳಿಯನ್ನು ನಡುಗಿಸುತ್ತದೆ. ತಿರುಗಿಸಲು ಗಡಿಯಾರದಲ್ಲಿರುವಂಥ ಸ್ಪ್ರಿಂಗ್ ಸಾಕು. ಧ್ವನಿಯನ್ನು ದೊಡ್ಡದು ಮಾಡುವ ಬೇರೆ ಯಾವ ಉಪಾಯವೂ ಇರಲಿಲ್ಲ. ಮುಳ್ಳಿನ ತುದಿಯಲ್ಲಿ ಎಷ್ಟು ಹುಟ್ಟುತ್ತದೋ ಅಷ್ಟೇ ಕಿವಿಗೆ. ಮೈಕು ಇಟ್ಟು ವಿದ್ಯುತ್ತಿನಿಂದ ಧ್ವನಿಮುದ್ರಣ ಮಾಡುವ ವಿಧಾನ ವ್ಯಾಪಾರಕ್ಕೆ ಬಂದದ್ದು 1925ರಲ್ಲಿ.

ಫೋನೋಗ್ರಾಫ್, ಗ್ರಾಫೋಫೋನ್, ಗ್ರಾಮಫೋನ್: ಮೂರೂ ಒಂದೇ ಅಲ್ಲವೇ?

ಅಲ್ಲ. ಫೋನೋಗ್ರಾಫ್ ಥಾಮಸ್ ಎಡಿಸನ್ನನದು, 1877ರದು. ಉರುಳೆಯ ಮೇಲೆ ಗೀರುವಂಥದು. ಗ್ರಾಫೋಫೋನ್ ಕೂಡ ಉರುಳೆಯದೇ. ಟೆಲಿಫೋನಿನ ಅಲೆಕ್ಸಾಂಡರ್ ಗ್ರಹಾಂ ಬೆಲ್, ಅವನ ಸಂಬಂಧಿ ಚಿಚೆಸ್ಟರ್ ಬೆಲ್ ಮತ್ತು ಚಾರ್ಲ್ಸ್ ಟೇಂಟರ್ ವಾಷಿಂಗ್ಟನ್ನಿನ ತಮ್ಮ ಪ್ರಯೋಗಾಲಯದಲ್ಲಿ ಎಡಿಸನ್ನನ ಯಂತ್ರವನ್ನು ತಿದ್ದಿ, ಮೇಣವನ್ನು ತಂದು, 1886ರಲ್ಲಿ ಪೇಟೆಂಟ್ ಪಡೆದದ್ದು. ಗ್ರಾಮಫೋನ್ ಎಮಿಲ್ ಬರ್ಲಿನರ್ ಎಂಬ ಜರ್ಮನ್ ವಲಸೆಗಾರನದು, 1887ರದು. ಅದು ಚಪ್ಪಟೆ ತಟ್ಟೆಯದು. ಹೆಸರಿನಲ್ಲಿ ಅಕ್ಷರಗಳು ಅದಲುಬದಲಾದಂತೆ ಕಂಡರೂ, ಈ ಮೂರು ಹೆಸರುಗಳ ಹಿಂದಿರುವ ಕೋರ್ಟು ವ್ಯಾಜ್ಯಗಳನ್ನು ಬರೆಯಲು ಕೂತರೆ ಈ ಪುಟ ಸಾಲುವುದಿಲ್ಲ.

ಎಡಿಸನ್ ಇದನ್ನು ಮಾಡಿದ್ದೇ ಹಾಡು ಕೇಳುವುದಕ್ಕೆ ಅಲ್ಲವೇ?

ಎಲ್ಲರೂ ಹಾಗೆಯೇ ತಿಳಿದಿರುತ್ತಾರೆ. 1878ರಲ್ಲಿ ಎಡಿಸನ್ ಒಂದು ಪತ್ರಿಕೆಗೆ ಬರೆದ ಲೇಖನದಲ್ಲಿ ತನ್ನ ಯಂತ್ರದಿಂದ ಆಗುವ ಹತ್ತು ಉಪಯೋಗಗಳನ್ನು ಪಟ್ಟಿ ಮಾಡಿದ. ಮೊದಲನೆಯದು ಪತ್ರಗಳನ್ನು ಹೇಳಿ ಬರೆಸುವುದು. ಎರಡನೆಯದು ಕುರುಡರಿಗೆ ಮಾತನಾಡುವ ಪುಸ್ತಕ. ಮೂರನೆಯದು ಭಾಷಣಕಲೆ ಕಲಿಸುವುದು. ಸಂಗೀತ ನಾಲ್ಕನೆಯದು. ಮನೆಯ ಹಿರಿಯರ ಕೊನೆಯ ಮಾತುಗಳನ್ನು ಹಿಡಿದಿಡುವುದು, ಗಂಟೆ ಹೇಳುವ ಗಡಿಯಾರ, ಭಾಷೆಗಳನ್ನು ಉಳಿಸುವುದು, ಇವೂ ಆ ಪಟ್ಟಿಯಲ್ಲಿದ್ದವು.

ಹಾಗೆ ನೋಡಿದರೆ ಮೊದಲ ಯಂತ್ರದಿಂದ ಹಾಡು ಮಾರುವುದು ಸಾಧ್ಯವೂ ಇರಲಿಲ್ಲ. ಅದರ ಉರುಳೆಯ ಮೇಲೆ ಸುತ್ತುತ್ತಿದ್ದದ್ದು ತವರದ ತೆಳು ಹಾಳೆ. ಕೈಯಿಂದ ಹಿಡಿಕೆ ತಿರುಗಿಸಬೇಕು; ಕೈ ಓಡಿದಂತೆ ದನಿಯೂ ಏರುತ್ತದೆ, ಇಳಿಯುತ್ತದೆ. ಕೆಲವೇ ಸಲ ಕೇಳುವಷ್ಟರಲ್ಲಿ ಗೀರು ಅಳಿಸಿಹೋಗುತ್ತಿತ್ತು. ಹಾಳೆಯನ್ನು ಬಿಚ್ಚಿದರಂತೂ ಮತ್ತೆ ಸರಿಯಾಗಿ ಕೂರಿಸುವುದು ಬಹಳ ಕಷ್ಟ. 1878ರಲ್ಲಿ ಒಂದು ಕಂಪನಿ ಕಟ್ಟಿ ಊರೂರಿಗೆ ಯಂತ್ರ ಕಳುಹಿಸಿ, ಟಿಕೆಟ್ ಇಟ್ಟು ತೋರಿಸಿದರು. ಜನ ಬಂದರು, ಬೆರಗಾದರು, ಮನೆಗೆ ಹೋದರು. ಒಮ್ಮೆ ನೋಡಿದವರು ಎರಡನೆಯ ಸಲ ಬರಲಿಲ್ಲ. ಎಡಿಸನ್ ವಿದ್ಯುತ್ ದೀಪದ ಕಡೆಗೆ ಹೊರಳಿದ. ಫೋನೋಗ್ರಾಫ್ ಸುಮಾರು ಹತ್ತು ವರ್ಷ ಮೂಲೆ ಸೇರಿತು.

ಮತ್ತೆ ಅದನ್ನು ಹೊರಗೆ ತೆಗೆದವರು ಯಾರು?

ಬೆಲ್ ತಂಡ ಮೇಣದ ಯಂತ್ರ ಮಾಡಿದ್ದು ತಿಳಿದ ಮೇಲೆ ಎಡಿಸನ್ನನಿಗೆ ಛಲ ಬಂತು. 1888ರ ಜೂನ್‌ನಲ್ಲಿ ಹಗಲುರಾತ್ರಿ ಕೂತು ತನ್ನದೇ ಮೇಣದ ಯಂತ್ರವನ್ನು ಸಿದ್ಧಮಾಡಿದ. ಅದೇ ವರ್ಷ ಗಾಜಿನ ಲೋಟಗಳ ವ್ಯಾಪಾರದಲ್ಲಿ ಹಣ ಮಾಡಿದ್ದ ಜೆಸ್ಸಿ ಲಿಪಿನ್‌ಕಾಟ್ ಎಂಬಾತ ಎರಡೂ ಕಡೆಯ ಹಕ್ಕುಗಳನ್ನು ಹಿಡಿದು ನಾರ್ತ್ ಅಮೆರಿಕನ್ ಫೋನೋಗ್ರಾಫ್ ಕಂಪನಿ ಕಟ್ಟಿದ. ಯಂತ್ರಗಳನ್ನು ಅವನು ಮಾರಲಿಲ್ಲ. ವರ್ಷಕ್ಕೆ 40 ಡಾಲರ್ ಬಾಡಿಗೆಗೆ ಕಚೇರಿಗಳಿಗೆ ಕೊಟ್ಟ. ಸಾಹೇಬರು ಪತ್ರವನ್ನು ಯಂತ್ರಕ್ಕೆ ಹೇಳುವುದು, ಗುಮಾಸ್ತರು ಕೇಳಿ ಟೈಪ್ ಮಾಡುವುದು, ಇದು ಲೆಕ್ಕಾಚಾರ. ಶೀಘ್ರಲಿಪಿಕಾರರು ತಮ್ಮ ಅನ್ನಕ್ಕೆ ಕಲ್ಲು ಬಿತ್ತೆಂದು ವಿರೋಧಿಸಿದರು. ಯಂತ್ರಗಳೂ ಪದೇ ಪದೇ ಕೆಡುತ್ತಿದ್ದವು. ಬಾಡಿಗೆಗೆ ಹೋದವು ಒಂದೊಂದಾಗಿ ವಾಪಸು ಬಂದವು. ಲಿಪಿನ್‌ಕಾಟ್ ಹಾಸಿಗೆ ಹಿಡಿದ. 1894ರಲ್ಲಿ ಕಂಪನಿ ದಿವಾಳಿಯಾಯಿತು.

ಹಾಗಾದರೆ ಹಾಡಿನ ವ್ಯಾಪಾರ ಶುರುವಾದದ್ದು ಎಲ್ಲಿ?

ಮದ್ಯದಂಗಡಿಯಲ್ಲಿ. ಕಚೇರಿಗಳಲ್ಲಿ ಬಾಡಿಗೆಗೆ ಹೋಗದ ಯಂತ್ರಗಳನ್ನು ಏನು ಮಾಡುವುದೆಂದು ಕೂತಿದ್ದ ಸ್ಯಾನ್ ಫ್ರಾನ್ಸಿಸ್ಕೋದ ಲೂಯಿಸ್ ಗ್ಲಾಸ್, 1889ರ ನವೆಂಬರ್ 23ರಂದು ಆ ಊರಿನ ಪ್ಯಾಲೇ ರಾಯಲ್ ಎಂಬ ಮದ್ಯದಂಗಡಿಯಲ್ಲಿ ಒಂದು ಯಂತ್ರ ಇಟ್ಟ. ಅದಕ್ಕೆ ಕಹಳೆ ಇರಲಿಲ್ಲ. ವೈದ್ಯರ ಸ್ಟೆಥಾಸ್ಕೋಪಿನ ಹಾಗೆ ಕಿವಿಗೆ ಸಿಕ್ಕಿಸಿಕೊಳ್ಳುವ ನಾಲ್ಕು ಕೊಳವೆಗಳಿದ್ದವು. ಒಂದು ನಿಕ್ಕಲ್, ಅಂದರೆ ಐದು ಸೆಂಟಿನ ನಾಣ್ಯ, ಹಾಕಿದರೆ ಒಂದು ಕೊಳವೆಯಲ್ಲಿ ಹಾಡು. ನಾಲ್ಕು ಜನ ನಾಲ್ಕು ನಾಣ್ಯ ಹಾಕಿದರೆ ಒಂದೇ ಹಾಡಿಗೆ ಇಪ್ಪತ್ತು ಸೆಂಟು. ಆರು ತಿಂಗಳೊಳಗೆ ಆ ಒಂದು ಯಂತ್ರ ಸಾವಿರ ಡಾಲರಿಗೂ ಮೇಲೆ ದುಡಿಯಿತು. ಅದೇ ಯಂತ್ರ ಕಚೇರಿಯಲ್ಲಿದ್ದಿದ್ದರೆ ವರ್ಷಕ್ಕೆ 40 ಡಾಲರ್!

ಈ ಸುದ್ದಿ ಹಬ್ಬಿದ ಮೇಲೆ, ಲಿಪಿನ್‌ಕಾಟನ ಯಂತ್ರಗಳನ್ನು ಆಯಾ ಪ್ರದೇಶದಲ್ಲಿ ಬಾಡಿಗೆಗೆ ಕೊಡುತ್ತಿದ್ದ ಉಳಿದ ಪ್ರಾದೇಶಿಕ ಕಂಪನಿಗಳೂ ಅದೇ ದಾರಿ ಹಿಡಿದವು. ವಾಷಿಂಗ್ಟನ್ನಿನ ಕೊಲಂಬಿಯಾ ಕಂಪನಿ ನೌಕಾಪಡೆಯ ಮರೀನ್ ಬ್ಯಾಂಡನ್ನು ಹಿಡಿದು ನಡಿಗೆಯ ಧಾಟಿಗಳನ್ನು ಮುದ್ರಿಸಿ ಮಾರತೊಡಗಿತು. ಅದನ್ನು ನಡೆಸಿದ ಎಡ್ವರ್ಡ್ ಈಸ್ಟನ್ ಮೊದಲು ಶೀಘ್ರಲಿಪಿಕಾರನಾಗಿದ್ದ ಎಂಬುದು ನನಗೆ ಇಷ್ಟವಾದ ಸಂಗತಿ. ದೊಡ್ಡ ದೊಡ್ಡ ಬಂಡವಾಳಗಾರರು ಕೂತು ಮಾಡಿದ ಯೋಜನೆ ನೆಲಕಚ್ಚಿತು. ಐದು ಸೆಂಟು ಹಿಡಿದು ಬಂದ ದಾರಿಹೋಕರು ಈ ಯಂತ್ರ ಯಾತಕ್ಕೆಂದು ತೀರ್ಮಾನಿಸಿದರು.

ಒಂದು ಹಾಡಿನ ಸಾವಿರಾರು ಪ್ರತಿ ಮಾಡುತ್ತಿದ್ದದ್ದು ಹೇಗೆ?

ಇಡೀ ಕಥೆಯ ಗಂಟು ಇರುವುದು ಇಲ್ಲಿ. ಪುಸ್ತಕಕ್ಕಾದರೆ ಒಮ್ಮೆ ಮೊಳೆ ಜೋಡಿಸಿದರೆ ಸಾವಿರ ಪ್ರತಿ ಅಚ್ಚಾಗುತ್ತದೆ. ಮೇಣದ ಉರುಳೆಗೆ ಅಚ್ಚು ಇರಲಿಲ್ಲ. ಒಮ್ಮೆ ಹಾಡಿದರೆ ಒಂದೇ ಉರುಳೆ. ಹಾಗಾಗಿ ಹಾಡುಗಾರನ ಮುಂದೆ ಒಂದರ ಪಕ್ಕ ಒಂದು ಯಂತ್ರಗಳನ್ನು ಇಡುತ್ತಿದ್ದರು. ಒಂಟಿ ದನಿಯಾದರೆ ಮೂರೋ ನಾಲ್ಕೋ ಕಹಳೆಗಳನ್ನು ತುಂಬುವುದೇ ಹೆಚ್ಚು. ಬ್ಯಾಂಡಿನ ಜೋರಿಗೆ ಹತ್ತು ಯಂತ್ರ ಇಟ್ಟರೂ ನಡೆಯುತ್ತಿತ್ತು. ಇನ್ನಷ್ಟು ಪ್ರತಿ ಬೇಕೆಂದರೆ ಮತ್ತೆ ಹಾಡಬೇಕು. ಆಮೇಲೆ ಮತ್ತೆ.

ಜಾರ್ಜ್ ಡಬ್ಲ್ಯು. ಜಾನ್ಸನ್ ಎಂಬವನನ್ನು ಇಲ್ಲಿ ನೆನೆಯದೆ ಮುಂದೆ ಹೋಗಲಾರೆ. ವರ್ಜೀನಿಯಾದಲ್ಲಿ ಗುಲಾಮಗಿರಿಯ ಕಾಲದಲ್ಲಿ ಹುಟ್ಟಿದ ಕಪ್ಪು ಮನುಷ್ಯ. ನ್ಯೂಯಾರ್ಕಿನ ದೋಣಿ ನಿಲ್ದಾಣಗಳಲ್ಲಿ ಸಿಳ್ಳೆ ಹಾಕಿ, ಹಾಡಿ, ಬಿದ್ದ ಚಿಲ್ಲರೆಯಿಂದ ಬದುಕುತ್ತಿದ್ದ. 1890ರ ಸುಮಾರಿಗೆ ಫೋನೋಗ್ರಾಫ್ ಕಂಪನಿಯವರು ಅವನನ್ನು ಕರೆದು, ಒಮ್ಮೆ ಹಾಡಿದ್ದಕ್ಕೆ 20 ಸೆಂಟಿನಂತೆ ಹಾಡಿಸಿದರು. ಅವನ ಎರಡು ಹಾಡು ದೇಶವೆಲ್ಲ ಹಬ್ಬಿದವು. ಒಂದರಲ್ಲಿ ಸಿಳ್ಳೆ, ಇನ್ನೊಂದರಲ್ಲಿ ರಾಗಬದ್ಧವಾದ ನಗು. ಎರಡರ ಸಾಹಿತ್ಯವೂ ಕಪ್ಪು ಜನರನ್ನೇ ಹೀಯಾಳಿಸುವಂಥದು. ಬಿಳಿಯ ಗಿರಾಕಿಗಳು ಕೇಳಿದ್ದು ಅದನ್ನೇ. ಬೆಳಗ್ಗೆ ಕಹಳೆಗಳ ಮುಂದೆ ನಿಂತು ಅದೇ ಹಾಡು ಹಾಡಬೇಕು, ಅದೇ ಜಾಗದಲ್ಲಿ ನಗಬೇಕು. ಉರುಳೆ ಬದಲಿಸಿದ ಮೇಲೆ ಪುನಃ ಅದೇ ಹಾಡು, ಅದೇ ನಗು. ವರ್ಷಗಟ್ಟಲೆ ಹೀಗೆ. ಆ ಕಾಲದ ಅವನ ಒಂದೊಂದು ಗುಂಪಿನ ಉರುಳೆಯೂ ಬೇರೆ ಬೇರೆ ಹಾಡಿಕೆ. ಎರಡು ಮನೆಗಳಲ್ಲಿ ಒಂದೇ ಹಾಡು ಇದ್ದರೂ ಎರಡೂ ಕಡೆ ಕೇಳುತ್ತಿದ್ದ ನಗು ಒಂದೇ ಅಲ್ಲದಿರಬಹುದು.

ನಡುವೆ ಒಂದು ಉರುಳೆಯ ಗೀರನ್ನು ಇನ್ನೊಂದಕ್ಕೆ ಯಂತ್ರದಿಂದಲೇ ನಕಲು ಮಾಡುವ ವಿಧಾನ ಬಂತು. ಆದರೆ ಮೂಲ ಉರುಳೆ ಬೇಗ ಸವೆಯುತ್ತಿತ್ತು. 1902ರಲ್ಲಿ ಎಡಿಸನ್ ಕಂಪನಿ ಮೂಲ ಉರುಳೆಯ ಮೇಲೆ ಬಂಗಾರದ ಅತಿ ತೆಳುವಾದ ಲೇಪ ಕೂರಿಸಿ, ಅದರಿಂದ ಲೋಹದ ಅಚ್ಚು ತೆಗೆದು, ಉರುಳೆಗಳನ್ನು ಎರಕ ಹೊಯ್ಯುವುದನ್ನು ವ್ಯಾಪಾರಕ್ಕೆ ತಂದಿತು. ಆಮೇಲೆ ಒಮ್ಮೆ ಹಾಡಿದರೆ ಸಾಕಾಯಿತು. ಜಾನ್ಸನ್ನನ ಕೆಲಸ ಅಲ್ಲಿಗೆ ಮುಗಿಯಿತು. ಅವನ ಗಂಟಲು ಅದುವರೆಗೆ ಮಾಡುತ್ತಿದ್ದದ್ದು ಅಚ್ಚಿನ ಕೆಲಸ. ಅಚ್ಚು ಬಂದ ಮೇಲೆ ಗಂಟಲು ಬೇಡವಾಯಿತು. ಕೊನೆಗಾಲದಲ್ಲಿ ಗೆಳೆಯನೊಬ್ಬನ ಕಚೇರಿಯ ಬಾಗಿಲು ಕಾಯುತ್ತಿದ್ದ. 1914ರಲ್ಲಿ ಬಡತನದಲ್ಲಿ ತೀರಿಕೊಂಡ.

ಮುದ್ರಣದ ಕೋಣೆ ಹೇಗಿರುತ್ತಿತ್ತು?

ಗೋಡೆಯಿಂದ ಕಹಳೆಯೊಂದರ ಬಾಯಿ ಹೊರಗೆ ಚಾಚಿಕೊಂಡಿರುತ್ತಿತ್ತು. ಯಂತ್ರ, ಅದನ್ನು ನಡೆಸುವವರು ಆಚೆ ಬದಿಯಲ್ಲಿ. ಹಾಡುವವರು ಕಹಳೆಗೆ ಮುಖ ಇಟ್ಟು ನಿಲ್ಲಬೇಕು. ತಾರಕಕ್ಕೆ ಹೋಗುವಾಗ ಹಿಂದೆ ಸರಿಯಬೇಕು, ಇಲ್ಲದಿದ್ದರೆ ಮುಳ್ಳು ಎಗರುತ್ತದೆ. ಮಂದ್ರಕ್ಕೆ ಬಂದಾಗ ಮತ್ತೆ ಹತ್ತಿರ ಬರಬೇಕು. ಇದು ಗೊತ್ತಿಲ್ಲದವರನ್ನು ಹಿಂದಿನಿಂದ ಒಬ್ಬರು ತೋಳು ಹಿಡಿದು ದೂಡುವುದು, ಎಳೆಯುವುದು ಮಾಡುತ್ತಿದ್ದರು. ಪಿಟೀಲಿನ ದನಿ ಸಾಲದೆಂದು ಮರದ ಒಡಲಿನ ಬದಲು ಲೋಹದ ಕಹಳೆ ಜೋಡಿಸಿದ ಸ್ಟ್ರೋ ಪಿಟೀಲನ್ನು ನುಡಿಸುತ್ತಿದ್ದರು. ದೊಡ್ಡ ತಂತಿವಾದ್ಯಗಳ ಜಾಗದಲ್ಲಿ ಊದುವ ಟ್ಯೂಬಾ ಕೂರುತ್ತಿತ್ತು. ಹಳೆಯ ತಟ್ಟೆಗಳಲ್ಲಿ ಊದುವ ವಾದ್ಯಗಳೇ ಏಕೆ ಹೆಚ್ಚು ಎಂದು ಕೇಳುತ್ತಾರಲ್ಲ, ಕಾರಣ ಇದೇ. ಜನರ ಅಭಿರುಚಿಗಿಂತ ಮೊದಲು ಮುಳ್ಳಿನ ಅಭಿರುಚಿ.

ಮಾತನಾಡುವ ಗೊಂಬೆ ಮಾರಿದ್ದರಂತೆ, ನಿಜವೇ?

ನಿಜ. 1890ರಲ್ಲಿ ಎಡಿಸನ್ನನ ಹೆಸರಿನಲ್ಲಿ ಬಂದವು. ಹೊಟ್ಟೆಯೊಳಗೆ ಪುಟ್ಟ ಮೇಣದ ಉರುಳೆ, ಬೆನ್ನಲ್ಲಿ ಹಿಡಿಕೆ. ಒಂದೊಂದು ಗೊಂಬೆಯ ಉರುಳೆಗೂ ಕಾರ್ಖಾನೆಯ ಹೆಣ್ಣುಮಕ್ಕಳು ಒಂದೊಂದು ಸಲ ಶಿಶುಗೀತೆ ಹೇಳಬೇಕಿತ್ತು. ಉರುಳೆ ಬೇಗ ಸವೆದು ದನಿ ಕರ್ಕಶವಾಗುತ್ತಿತ್ತು. ಗೊಂಬೆಗಳು ಅಂಗಡಿಗೆ ವಾಪಸು ಬಂದವು. ಕೆಲವೇ ವಾರಗಳಲ್ಲಿ ಮಾರಾಟ ನಿಂತಿತು.

ಉರುಳೆಯ ಮುಂದೆ ತಟ್ಟೆ ಗೆದ್ದದ್ದು ಏಕೆ?

ತಟ್ಟೆಗೆ ಹುಟ್ಟಿನಿಂದಲೇ ಅಚ್ಚು ಇತ್ತು. ಬರ್ಲಿನರ್ ಸತುವಿನ ತಟ್ಟೆಯ ಮೇಲೆ ಮೇಣದ ತೆಳು ಪದರ ಬಳಿದು ಅದರಲ್ಲಿ ಗೀರಿಸುತ್ತಿದ್ದ. ಗೀರು ಬಿದ್ದಲ್ಲಿ ಸತು ಬಯಲಾಗುತ್ತದೆ. ಆಮ್ಲದಲ್ಲಿ ಅದ್ದಿದರೆ ಗೀರು ಲೋಹದೊಳಕ್ಕೆ ಇಳಿಯುತ್ತದೆ. ಅದರಿಂದ ತಿರುವು ಅಚ್ಚು ತೆಗೆದು, ಬಿಸಿಯಾದ ಮುದ್ದೆಯ ಮೇಲೆ ಒತ್ತಿದರೆ ತಟ್ಟೆ ಸಿದ್ಧ, ನಾವು ಚಕ್ಕುಲಿ ಒರಳಿನಲ್ಲಿ ಒತ್ತಿದಷ್ಟು ಸರಾಗ. ಉರುಳೆಗಳಿಗೆ ಡಬ್ಬಿ ಬೇಕು, ಕಪಾಟು ಬೇಕು. ತಟ್ಟೆಗಳನ್ನು ಪುಸ್ತಕದಂತೆ ಜೋಡಿಸಬಹುದು. 1904ರಲ್ಲಿ ಜರ್ಮನಿಯ ಓಡಿಯನ್ ಕಂಪನಿ ಎರಡೂ ಬದಿಯಲ್ಲಿ ಹಾಡಿರುವ ತಟ್ಟೆಗಳನ್ನು ತಂದಿತು. ಉರುಳೆಗೆ ಎರಡನೆಯ ಬದಿಯೇ ಇಲ್ಲ.

ಉರುಳೆಯ ಪರವಾಗಿಯೂ ಒಂದು ಮಾತು ಹೇಳಬೇಕು. ಮನೆಯಲ್ಲಿ ಕೂತು ನಮ್ಮ ದನಿಯನ್ನು ನಾವೇ ಮುದ್ರಿಸಬಹುದಿತ್ತು. ಬೇಡವೆಂದರೆ ಮೇಣವನ್ನು ಹೆರೆದು ಮತ್ತೆ ಬಳಸಬಹುದಿತ್ತು. ತಟ್ಟೆ ಬಂದ ಮೇಲೆ ಮನೆಯವರು ಬರೀ ಕೇಳುಗರಾದರು. ನನಗೆ ಇದು ಈ ಕಥೆಯ ದೊಡ್ಡ ನಷ್ಟ ಎನ್ನಿಸುತ್ತದೆ.

ತಟ್ಟೆ ತಂದ ಬರ್ಲಿನರ್ ಶ್ರೀಮಂತನಾದನೇ?

ಅವನ ಗ್ರಾಮಫೋನನ್ನು ಮೊದಲು ಕೈಯಿಂದ ತಿರುಗಿಸಬೇಕಿತ್ತು. ನ್ಯೂಜೆರ್ಸಿಯ ಕ್ಯಾಮ್ಡೆನ್‌ನಲ್ಲಿ ಯಂತ್ರಗಳ ಕಾರ್ಯಾಗಾರ ಇಟ್ಟುಕೊಂಡಿದ್ದ ಎಲ್ಡ್ರಿಜ್ ಜಾನ್ಸನ್ 1896ರಲ್ಲಿ ಅದಕ್ಕೆ ಒಳ್ಳೆಯ ಸ್ಪ್ರಿಂಗ್ ಮೋಟಾರ್ ಮಾಡಿಕೊಟ್ಟ. ಮಾರಾಟ ನೋಡಿಕೊಳ್ಳುತ್ತಿದ್ದ ಫ್ರ್ಯಾಂಕ್ ಸೀಮನ್ ಆಮೇಲೆ ಬರ್ಲಿನರನಿಗೇ ತಿರುಗಿಬಿದ್ದ. 1900ರಲ್ಲಿ ಕೋರ್ಟಿನ ತಡೆಯಾಜ್ಞೆ ಬಂದು, ಗ್ರಾಮಫೋನ್ ಕಂಡುಹಿಡಿದವನೇ ಅಮೆರಿಕದಲ್ಲಿ ಗ್ರಾಮಫೋನ್ ಮಾರದಂತಾಯಿತು. ಅವನು ಕೆನಡಾದ ಮಾಂಟ್ರಿಯಲ್‌ನಲ್ಲಿ ವ್ಯಾಪಾರ ಮುಂದುವರಿಸಿದ. ಜಾನ್ಸನ್ 1901ರಲ್ಲಿ ವಿಕ್ಟರ್ ಕಂಪನಿ ಕಟ್ಟಿದ. ಇದಾದ ಮೇಲೆ ಅಮೆರಿಕದಲ್ಲಿ ಗ್ರಾಮಫೋನ್ ಎಂಬ ಹೆಸರೇ ಬಳಕೆ ತಪ್ಪಿತು, ಬ್ರಿಟನ್ನಿನಲ್ಲಿ ಉಳಿಯಿತು. ನಮಗೆ ಬ್ರಿಟನ್ನಿನಿಂದ ಬಂದದ್ದರಿಂದ ನಮ್ಮ ಬಾಯಲ್ಲೂ ಗ್ರಾಮಫೋನ್ ಎಂದೇ ಉಳಿದಿದೆ.

ಹಳೆಯ ತಟ್ಟೆ ಯಾವುದರಿಂದ ಮಾಡಿದ್ದು? ಪ್ಲಾಸ್ಟಿಕ್ಕೇ?

ಅರಗು. ಪಾಂಡವರನ್ನು ಸುಡಲೆಂದು ಕಟ್ಟಿಸಿದ ಅರಗಿನ ಮನೆಯ ಅರಗು ಇದೇ, ಮರದ ರೆಂಬೆಗಳ ಮೇಲೆ ಒಂದು ಬಗೆಯ ಪುಟ್ಟ ಕೀಟ ಸುರಿಸುವ ಅಂಟು. ಬರ್ಲಿನರ್ ಮೊದಲು ಗಟ್ಟಿ ರಬ್ಬರ್ ಬಳಸುತ್ತಿದ್ದ. ಅದು ಸಮನಾಗಿ ಅಚ್ಚಾಗುತ್ತಿರಲಿಲ್ಲ. 1895ರ ಸುಮಾರಿಗೆ ಅರಗಿಗೆ ಕಲ್ಲಿನ ಪುಡಿ, ಹತ್ತಿಯ ನಾರು, ಕಪ್ಪು ಬಣ್ಣ ಬೆರೆಸಿದ ಮುದ್ದೆಗೆ ಬಂದ. ಲೋಕಕ್ಕೆಲ್ಲ ಅರಗು ಹೋಗುತ್ತಿದ್ದದ್ದು ಬಹುಪಾಲು ನಮ್ಮ ದೇಶದಿಂದ, ಛೋಟಾನಾಗಪುರದ ಕಾಡುಗಳ ಸುತ್ತಮುತ್ತಲಿಂದ. ನ್ಯೂಯಾರ್ಕಿನವರು ಕೇಳಿದ ಹಾಡು ನಮ್ಮ ಕಾಡಿನ ಕೀಟದ ಅಂಟಿನ ಮೇಲೆ ಬರೆದದ್ದಾಗಿತ್ತು.

ನನ್ನ ಬಳಿ ಇದ್ದ ಒಂದು ತಟ್ಟೆ ಕೈಜಾರಿ ಒಡೆಯಿತು. ಒಡೆದ ಅಂಚು ಹಂಚಿನ ಚೂರಿನಂತೆ ಹರಿತ, ಒಳಗೆ ಮಣ್ಣಿನಂಥ ಬೂದುಗಪ್ಪು. ಒಂದು ತುಣುಕನ್ನು ದೀಪಕ್ಕೆ ಹಿಡಿದೆ. ಮೆತ್ತಗಾಯಿತು, ವಾಸನೆ ಬಂತು. ಚನ್ನಪಟ್ಟಣದಲ್ಲಿ ತಿರುಗುವ ಮರದ ಗೊಂಬೆಗೆ ಬಣ್ಣದ ಅರಗಿನ ಕಡ್ಡಿ ಒತ್ತುತ್ತಾರಲ್ಲ, ತಿಕ್ಕಾಟದ ಬಿಸಿಗೆ ಅದು ಕರಗುವಾಗ ಬರುತ್ತದಲ್ಲ, ಅದೇ ವಾಸನೆ.

ನಾಯಿಯ ಚಿತ್ರದ ಕಥೆ ಏನು?

ಫ್ರಾನ್ಸಿಸ್ ಬರೋ ಎಂಬ ಇಂಗ್ಲಿಷ್ ಚಿತ್ರಕಾರ ತನ್ನ ಮನೆಯಲ್ಲಿದ್ದ ನಿಪ್ಪರ್ ಎಂಬ ನಾಯಿಯನ್ನು, ಅದು ಸತ್ತ ಮೇಲೆ ಬರೆದದ್ದು. ಮೂಲ ಚಿತ್ರದಲ್ಲಿದ್ದದ್ದು ಉರುಳೆಯ ಫೋನೋಗ್ರಾಫ್. 1899ರಲ್ಲಿ ಲಂಡನ್ನಿನ ಗ್ರಾಮಫೋನ್ ಕಂಪನಿ ಚಿತ್ರವನ್ನೂ ಅದರ ಹಕ್ಕನ್ನೂ ಒಟ್ಟು 100 ಪೌಂಡಿಗೆ ಕೊಂಡಿತು. ಷರತ್ತು ಒಂದೇ: ಫೋನೋಗ್ರಾಫ್ ಅಳಿಸಿ ಗ್ರಾಮಫೋನ್ ಬರೆಯಬೇಕು. ಅವನು ಅದರ ಮೇಲೆಯೇ ಬರೆದ.

ದೊಡ್ಡ ಗಾಯಕರು ಇದಕ್ಕೆ ಒಪ್ಪಿದ್ದು ಯಾವಾಗ?

ಮೊದಲೆಲ್ಲ ಇದನ್ನು ಆಟಿಕೆ ಎಂದೇ ದೂರ ಇಟ್ಟರು. 1902ರ ಏಪ್ರಿಲ್‌ನಲ್ಲಿ ಮಿಲಾನಿನ ಒಂದು ಹೋಟೆಲ್ ಕೋಣೆಯಲ್ಲಿ ಲಂಡನ್ನಿನ ಅದೇ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಎಂಬ ಧ್ವನಿಮುದ್ರಕ, ಇಟಲಿಯ ಒಪೆರಾ ಗಾಯಕ ಎನ್ರಿಕೊ ಕರುಸೋನಿಂದ ಹತ್ತು ಹಾಡು ಹಾಡಿಸಿದ. ಸಂಭಾವನೆ 100 ಪೌಂಡ್. ಅದು ವಿಪರೀತವಾಯಿತು, ಮುದ್ರಿಸಬೇಡ ಎಂದು ಲಂಡನ್ನಿನಿಂದ ತಂತಿ ಬಂದರೂ ಮುದ್ರಿಸಿದೆ ಎಂದು ಗೈಸ್‌ಬರ್ಗ್ ಮುಂದೆ ಬರೆದುಕೊಂಡಿದ್ದಾನೆ. ಕರುಸೋನ ದುಂಡಗಿನ, ಗಟ್ಟಿ ದನಿ ಕಹಳೆಗೆ ಹೇಳಿ ಮಾಡಿಸಿದಂತಿತ್ತು. ಆ ತಟ್ಟೆಗಳು ಮಾರಾಟವಾದ ಬಗೆ ನೋಡಿ ಉಳಿದವರೂ ಬಂದರು. ಒಂದು ಸಲಕ್ಕೆ 20 ಸೆಂಟಿನ ಜಾನ್ಸನ್, ಹತ್ತು ಹಾಡಿಗೆ 100 ಪೌಂಡಿನ ಕರುಸೋ: ನಡುವೆ ಇರುವುದು ಹನ್ನೆರಡೇ ವರ್ಷ.

ನಮ್ಮ ದೇಶಕ್ಕೆ ಬಂದದ್ದು ಯಾವಾಗ? ಕರ್ನಾಟಕದ ನಂಟು ಇದೆಯೇ?

ಅದೇ ಗೈಸ್‌ಬರ್ಗ್ 1902ರ ಕೊನೆಯಲ್ಲಿ ಕಲ್ಕತ್ತೆಗೆ ಬಂದ. ಅಲ್ಲಿ ಮುದ್ರಿಸಿದವರಲ್ಲಿ ಎಲ್ಲರಿಗಿಂತ ದೊಡ್ಡ ಹೆಸರು ಗೌಹರ್ ಜಾನ್. ಗಂಟೆಗಟ್ಟಲೆ ಬೆಳೆಸಬಹುದಾದ ಸಂಗೀತವನ್ನು ಆಕೆ ಎರಡು ಮೂರು ನಿಮಿಷಕ್ಕೆ ಇಳಿಸಿ, ಎಲ್ಲಿಯೂ ಅವಸರ ಕಾಣದಂತೆ ಹಾಡಿ, ಕೊನೆಯಲ್ಲಿ ಇಂಗ್ಲಿಷಿನಲ್ಲಿ ತನ್ನ ಹೆಸರು ಹೇಳುತ್ತಿದ್ದರು. ಆಗ ಮೇಣದ ಮೂಲಗಳು ತಟ್ಟೆಗಳಾಗಲು ಹಡಗಿನಲ್ಲಿ ಜರ್ಮನಿಯ ಹ್ಯಾನೋವರ್‌ಗೆ ಹೋಗಬೇಕಿತ್ತು. ಅಲ್ಲಿನವರಿಗೆ ಇದು ಯಾರ ಹಾಡೆಂದು ತಿಳಿಯಲು ಈ ಘೋಷಣೆ. ಹೀಗೆ ಅರಗು ಇಲ್ಲಿಂದ ಹೋಗಿ, ತಟ್ಟೆಯಾಗಿ ಇಲ್ಲಿಗೇ ಬರುತ್ತಿತ್ತು. 1908ರಲ್ಲಿ ಕಲ್ಕತ್ತೆಯ ಸಿಯಾಲ್ದಾದಲ್ಲಿ ಕಾರ್ಖಾನೆ ಆದ ಮೇಲೆ ಆ ಸುತ್ತು ತಪ್ಪಿತು.

ಗೌಹರ್ ಜಾನ್ ಅವರ ಕೊನೆಯ ದಿನಗಳು ಕಳೆದದ್ದು ನಮ್ಮ ಮೈಸೂರಿನಲ್ಲಿ. 1928ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಆಕೆಯನ್ನು ಆಸ್ಥಾನಕ್ಕೆ ಕರೆಸಿಕೊಂಡರು. 1930ರ ಜನವರಿಯಲ್ಲಿ ಆಕೆ ಅಲ್ಲಿಯೇ ತೀರಿಕೊಂಡರು. ಮೈಸೂರಿಗೆ ಹೋದಾಗಲೆಲ್ಲ ನನಗೆ ಆ ಇಂಗ್ಲಿಷ್ ಘೋಷಣೆಯ ಗತ್ತು ಕಿವಿಯಲ್ಲಿ ಕೇಳುತ್ತದೆ.

ಹಾಡು ಕಟ್ಟಿದವರಿಗೆ ಏನಾದರೂ ಸಿಗುತ್ತಿತ್ತೇ?

ಅಮೆರಿಕದಲ್ಲಿ ಬಹಳ ಕಾಲ ಏನೂ ಇಲ್ಲ. 1908ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್, ಯಂತ್ರದ ಪಿಯಾನೋಗೆ ಹಾಕುವ ತೂತಿನ ಕಾಗದದ ಸುರುಳಿ ಕಣ್ಣಿನಿಂದ ಓದಲು ಬರುವಂಥದಲ್ಲ, ಹಾಗಾಗಿ ಅದು ಹಾಡಿನ ನಕಲಲ್ಲ ಎಂದಿತು. ಮರುವರ್ಷವೇ ಹೊಸ ಕಾಯ್ದೆ ಬಂದು, ಸುರುಳಿಯಿರಲಿ, ತಟ್ಟೆಯಿರಲಿ, ಪ್ರತಿಯೊಂದಕ್ಕೆ ಎರಡು ಸೆಂಟು ನಿಗದಿಯಾಯಿತು. ಹಾಡಿದವರಿಗೆ ಆ ಕಾಯ್ದೆಯಲ್ಲಿ ಪಾಲಿರಲಿಲ್ಲ.

ಎಡಿಸನ್ ಕೊನೆಗೆ ಏನು ಮಾಡಿದ?

ಉರುಳೆಯನ್ನು ಬಿಡಲೊಪ್ಪದೆ ಬಹಳ ಕಾಲ ಹೋರಾಡಿದ. 1912ರ ಹೊತ್ತಿಗೆ ತಾನೂ ತಟ್ಟೆ ತಂದ. ಕಾಲಿಂಚು ದಪ್ಪದ, ವಜ್ರದ ಮುಳ್ಳಿನಿಂದ ನುಡಿಯುವ ಅದ್ಭುತ ತಟ್ಟೆಗಳವು. ಆದರೆ ಅವನದೇ ಯಂತ್ರದಲ್ಲಿ ಮಾತ್ರ ಸರಿಯಾಗಿ ನುಡಿಯುತ್ತಿದ್ದವು. ಯಾರು ಹಾಡಬೇಕೆಂಬುದನ್ನು, ಕಿವಿ ಮಂದವಾಗಿದ್ದರೂ, ತಾನೇ ಆರಿಸುತ್ತಿದ್ದ. ಮೊದಮೊದಲು ಹಾಡಿದವರ ಹೆಸರನ್ನೂ ತಟ್ಟೆಯ ಮೇಲೆ ಹಾಕಲಿಲ್ಲ. ಜನರಿಗೆ ಬೇಕಾಗಿದ್ದದ್ದು ಆ ಹೆಸರೇ. 1929ರ ಅಕ್ಟೋಬರ್‌ನಲ್ಲಿ ಅವನ ಕಂಪನಿ ಹಾಡಿನ ವ್ಯಾಪಾರ ನಿಲ್ಲಿಸಿತು.

ನಮ್ಮ ಮನೆಯ ಅಟ್ಟದಲ್ಲಿ ಹಳೆಯ ತಟ್ಟೆಗಳು ಸಿಕ್ಕಿವೆ. ಏನು ಮಾಡಲಿ?

ಮೊದಲು ಸ್ಪಿರಿಟ್ ಬಾಟಲಿಯನ್ನು ದೂರ ಇಡಿ. ಅರಗು ಆಲ್ಕೋಹಾಲಿನಲ್ಲಿ ಕರಗುತ್ತದೆ. ಒರೆಸಿದ ಕೂಡಲೇ ಹಾಡೂ ಹೋಗುತ್ತದೆ. ಮೆತ್ತಗಿನ ಒಣ ಬ್ರಷ್ಷಿನಿಂದ ಗೀರಿನ ದಿಕ್ಕಿನಲ್ಲೇ ಧೂಳು ತೆಗೆಯಿರಿ. ಬಿಸಿಲಿಗೆ ಇಡಬೇಡಿ, ಬಾಗುತ್ತದೆ. ಒಂದರ ಮೇಲೊಂದು ಪೇರಿಸದೆ ನಿಲ್ಲಿಸಿ ಇಡಿ. ಕೀಲಿ ಕೊಡುವ ಯಂತ್ರದಲ್ಲಿ ಹಾಕುವುದಾದರೆ ಒಂದು ಬದಿಗೆ ಒಂದು ಹೊಸ ಉಕ್ಕಿನ ಮುಳ್ಳು; ಇನ್ನೊಂದು ಬದಿಗೆ ಇನ್ನೊಂದು. ಸವೆದ ಮುಳ್ಳು ಗೀರನ್ನು ಉತ್ತುಹಾಕುತ್ತದೆ. ಈಗಿನ ಟರ್ನ್‌ಟೇಬಲ್‌ನಲ್ಲಿ ಕೇಳುವುದಾದರೆ ಎಲ್‌ಪಿಯ, ಅಂದರೆ ಆಮೇಲೆ ಬಂದ ಪ್ಲಾಸ್ಟಿಕ್ ತಟ್ಟೆಯ, ಮುಳ್ಳು ಬೇಡ; ಈ ತಟ್ಟೆಗಳ ಗೀರು ಅಗಲ, ಅದಕ್ಕೆಂದೇ ಮಾಡಿದ ದಪ್ಪ ಮುಳ್ಳು ಸಿಗುತ್ತದೆ. 1910ಕ್ಕಿಂತ ಹಿಂದಿನ ತಟ್ಟೆಗಳೆಲ್ಲ ಸರಿಯಾಗಿ ನಿಮಿಷಕ್ಕೆ 78 ಸುತ್ತಿನವಲ್ಲ, ಹಾಗಾಗಿ ದನಿ ವಿಚಿತ್ರವಾಗಿ ಕೇಳಿದರೆ ವೇಗ ತಿದ್ದಿ ನೋಡಿ.

ಅದೃಷ್ಟವಿದ್ದು ಮೇಣದ ಉರುಳೆಯೇ ಸಿಕ್ಕಿತೋ, ಹೊರಮೈಯನ್ನು ಮುಟ್ಟಲೇಬೇಡಿ. ಬೆರಳಿನ ಜಿಡ್ಡು ತಾಗಿದಲ್ಲಿ ಬೂಸಲು ಹಿಡಿಯುತ್ತದೆ, ಬೂಸಲು ಮೇಣವನ್ನು ತಿನ್ನುತ್ತದೆ. ತೋರುಬೆರಳು, ನಡುಬೆರಳು ಎರಡನ್ನೂ ಉರುಳೆಯ ಒಳಗೆ ತೂರಿಸಿ, ಮೆಲ್ಲಗೆ ಅಗಲಿಸಿ, ಒಳಗಿನಿಂದಲೇ ಹಿಡಿದು ಎತ್ತಿ.